ಗುಂಡಿ

ಶುಕ್ರವಾರ, ಮಧ್ಯಾಹ್ನ ಮೂರು. ಬ್ಯೂನಸ್ ಐರಿಸ್‌ನ ಜುಲೈ ಚಳಿ.
ಓನ್ಸೆ ಪೇಟೆ, ಲಾರೆಯಾ ಬೀದಿಯ ತಿರುವಿನಲ್ಲಿ ನಮ್ಮ ಮಡಚುಮೇಜು,
ಒಂದು ಕಾಲು ಕುಂಟು, ಅದರಡಿ ರಟ್ಟಿನ ಚೂರು.
ಮೇಲೆ ನೀಲಿ ಕರಪತ್ರ, ಥರ್ಮಾಸು, ಯೆರ್ಬಾ ಎಲೆಯ ಸೋರೆಬುರುಡೆ,
ಹಾಳೆ ಹಾರದಂತೆ ಹೋರಾಸಿಯೋ ಇಟ್ಟ ನಾಲ್ಕು ಕಲ್ಲು.
"ಕಲ್ಲು ನಾವೇ ತರೋಣ," ಅಂದಿದ್ದ ಮೊದಲ ವಾರ,
"ಅವರಿಗೆ ಹುಡುಕುವ ಶ್ರಮ ಯಾಕೆ?"
ಹುತಾತ್ಮರಾಗುವ ಆಸೆ ನಮಗಿದ್ದಷ್ಟು
ಎಸೆಯುವ ಆಸೆ ಅವರಿಗಿರಲಿಲ್ಲ.

ಎಸೆದದ್ದು ಕರಪತ್ರ.
ಕೊಟ್ಟ ಕೈ ಇನ್ನೂ ಚಾಚಿಯೇ ಇರುವಾಗ
ಹತ್ತು ಹೆಜ್ಜೆ ಆಚೆ, ನೆಲಕ್ಕೆ.

ನಾನು ನೊಯೆಮಿ ಸ್ಲುಟ್ಸ್ಕಿ. ಹೆಸರು ಕೇಳಿದರೆ ಸಾಕು,
ಬಟ್ಟೆ ಅಂಗಡಿಯ ಹೆಂಗಸರು ಗಜಕೋಲು ಕೆಳಗಿಡುತ್ತಾರೆ:
"ಯಾವ ಸ್ಲುಟ್ಸ್ಕಿ? ಅಸ್ತರಿನ ಸ್ಲುಟ್ಸ್ಕಿಯ ಮೊಮ್ಮಗಳೇ?
ಸದ್ಯ, ಇದನ್ನು ನೋಡುವ ಮೊದಲೇ ಹೋದ."
ಹೇಳಬೇಕೆಂದಿದ್ದೆ: ನಾನು ಕೋಟು ಬದಲಿಸಿಲ್ಲ ಅಮ್ಮ,
ಒಳಗಿನ ಅಸ್ತರನ್ನೇ ಹೊರಕ್ಕೆ ಮಗುಚಿದ್ದೇನೆ, ಅಷ್ಟೆ.
ಹೇಳಲಿಲ್ಲ. ಗಿರಾಕಿಗಳಿದ್ದರು.

ಎದುರಿಗೆ ಗುಂಡಿಗಳ ಅಂಗಡಿ. ಫೈವೆಲ್ ಕ್ರಶಿನ್ಸ್ಕಿ, ಎಂಬತ್ತೊಂದು.
ಕೊಂಬಿನ ಗುಂಡಿ, ಮುತ್ತುಚಿಪ್ಪಿನ ಗುಂಡಿ, ಸಿಪಾಯಿಗಳ ಹಿತ್ತಾಳೆ ಗುಂಡಿ,
ಪ್ರತಿ ಡಬ್ಬಿಯ ಮುಖಕ್ಕೂ ಒಂದೊಂದು ಹೊಲಿದಿಟ್ಟ ಗುರುತು.
ನಾವು ಬಂದರೆ ಬಾಗಿಲಿಗೆ ಬರುತ್ತಾನೆ. ಬೈಯುವುದಿಲ್ಲ.
ಕೊಟ್ಟರೆ ತೆಗೆದುಕೊಳ್ಳುವುದೂ ಇಲ್ಲ.
ಬಿದ್ದದ್ದನ್ನು ಮಾತ್ರ ಬಗ್ಗಿ ಎತ್ತುತ್ತಾನೆ,
ಸೊಂಟಕ್ಕೊಂದು ಕೈ ಕೊಟ್ಟು, ಉಸ್ಸೆಂದು,
ಬೂಟಿನ ಗುರುತನ್ನು ತೋಳಿನಿಂದ ಒರೆಸಿ
ಒಳಗೆ ಒಯ್ಯುತ್ತಾನೆ.

ಹದಿನಾಲ್ಕು ವಾರ. ಎಣಿಸಿದ್ದೇನೆ.
ಬುಧವಾರದ ಪ್ರಾರ್ಥನೆಗೆ ಅವನ ಹೆಸರು ಸೇರಿಸಿದೆ.
"ಗುಟ್ಟಾಗಿ ಓದುತ್ತಿದ್ದಾನೆ," ಅಂದೆ ಬಾಡಿಗೆ ಹಾಲಿನಲ್ಲಿ.
ಹನ್ನೊಂದು ಜನ ಆಮೆನ್ ಅಂದರು. ಒಬ್ಬಳು ಅತ್ತಳು.
ಬೀಜ ಬಿತ್ತಿದವಳ ಹಮ್ಮು ಗೊತ್ತೇ ನಿಮಗೆ?
ಮೊಳಕೆ ಕಾಣುವ ಮುಂಚೆ ಕಣಜ ಗುಡಿಸುತ್ತಾಳೆ.

ಇವತ್ತು ಬೀದಿ ದಾಟಿದೆ,
ನೋವುಂಡ ಸೇವಕನ ಆ ಪುಟದಲ್ಲಿ ಬೆರಳಿಟ್ಟುಕೊಂಡೇ.
"ಯಜಮಾನರೇ, ಓದಿದ್ದರ ಬಗ್ಗೆ ಮಾತಾಡೋಣವೇ?"

"ಓದಿದ್ದು? ಯಾರು?"
ಕೌಂಟರಿನ ಕೆಳಗಿಂದ ಡಬ್ಬಿ ತೆಗೆದ,
ಬಿಸ್ಕತ್ತಿನದು, ಮುಚ್ಚಳ ಸೊಟ್ಟ.
ಒಳಗೆ ನಮ್ಮ ನೀಲಿ ಹಾಳೆಗಳು,
ಅಂಚಿಗೆ ಅಂಚು ಕೂಡಿಸಿ, ದಾರ ಕಟ್ಟಿ.
"ಇಲ್ಲಿ ನೋಡು." ಹೀಬ್ರೂ ಸಾಲಿನ ಮೇಲೆ ಉಗುರು.
"ನಾಲ್ಕು ಅಕ್ಷರ. ಆ ಹೆಸರನ್ನೇ ಅಚ್ಚು ಹಾಕಿಸಿದ್ದೀರಿ.
ಇದನ್ನು ಬೀದಿಯಲ್ಲಿ ಬಿಡುವ ಹಾಗಿಲ್ಲ, ಮಗೂ.
ಸುಡುವ ಹಾಗಿಲ್ಲ, ಕಸಕ್ಕೆ ಹಾಕುವ ಹಾಗಿಲ್ಲ.
ವರ್ಷಕ್ಕೊಮ್ಮೆ ತಬ್ಲಾದದ ಸ್ಮಶಾನದಲ್ಲಿ ಗುಂಡಿ ತೋಡಿ
ಹರಿದ ಪ್ರಾರ್ಥನೆಯ ಪುಸ್ತಕಗಳ ಜೊತೆ ಮಲಗಿಸುತ್ತೇವೆ.
ಉಳಿದದ್ದು ಏನು ಬರೆದಿದ್ದೀರೋ, ಓದಿಲ್ಲ.
ಓದುವುದೂ ಇಲ್ಲ. ನನ್ನ ತಾತನ ಗಡ್ಡ ಹಿಡಿದೆಳೆದವರೂ
ಕೈಯಲ್ಲಿ ಪುಸ್ತಕ ಹಿಡಿದೇ ಬಂದಿದ್ದರಂತೆ."

ಆಮೇಲೆ, ಕನ್ನಡಕ ಹಣೆಗೇರಿಸಿ,
"ಮೂರನೇ ಪುಟದಲ್ಲಿ ಒಂದು ಚುಕ್ಕೆ ತಪ್ಪಿದೆ. ಸರಿಮಾಡಿಸು."

ಕೇಳಬಹುದಿತ್ತು: ಓದದವನಿಗೆ ಚುಕ್ಕೆ ಹೇಗೆ ಕಂಡಿತು?
ನಾಲಿಗೆ ತುದಿಗೆ ಬಂದದ್ದನ್ನು ಅಲ್ಲೇ ಬಿಟ್ಟೆ.
ಅಷ್ಟು ಸಣ್ಣ ಕಿಂಡಿಯಲ್ಲಿ ನುಗ್ಗಿ
ಒಬ್ಬರ ಮನೆ ಸೇರಬಾರದು.

ಐದು ಗಂಟೆ. ಷಟರುಗಳು ಇಳಿಯತೊಡಗಿದವು.
ಹಲ್ಲಾ ರೊಟ್ಟಿಯ ಬಿಸಿ ಕಂಕುಳಲ್ಲಿಟ್ಟು ಹುಡುಗನೊಬ್ಬ ಓಡಿದ.
ಹೋರಾಸಿಯೋ ಕಲ್ಲು ಎತ್ತಿ ಚೀಲಕ್ಕೆ ಹಾಕಿದ ಗಳಿಗೆಗೇ ಗಾಳಿ.
ಬೀದಿ ತುಂಬ ನೀಲಿ.
ಹೊತ್ತು ಮುಳುಗಿದರೆ ಸಬ್ಬತ್ತು, ಮುದುಕ ಏನನ್ನೂ ಎತ್ತುವಂತಿಲ್ಲ.
ಅವನು ಎಡಕ್ಕೆ, ನಾನು ಬಲಕ್ಕೆ,
ಬಸ್ಸಿನ ಗಾಲಿಯಡಿಯಿಂದ, ಚರಂಡಿಯ ಜಾಲರಿಯಿಂದ,
ಬಗ್ಗಿ, ಎತ್ತಿ, ಒರೆಸಿ.
ನಾನು ಹಂಚಿದ್ದು ಎಷ್ಟು ಭಾರವೆಂದು
ನನ್ನ ಸೊಂಟಕ್ಕೆ ಅವತ್ತೇ ಗೊತ್ತಾದದ್ದು.

ಡಬ್ಬಿ ಹಿಡಿದ. ಹಾಕಿದೆ.
ಷಟರು ಅರ್ಧ ಇಳಿಸಿ, ಬಗ್ಗಿ, ಅಂದ:
"ನಿನ್ನ ತಾತ ಹನ್ನೆರಡು ಡಜನ್ ಕೊಂಬಿನ ಗುಂಡಿ
ಬಾಕಿ ಉಳಿಸಿ ಸತ್ತ. ಮುಂದಿನ ವಾರ ಬರುವಾಗ..."
ಮಿಕ್ಕದ್ದನ್ನು ಷಟರು ನುಂಗಿತು.